ವೆಲ್ಡಿಂಗ್ ಶಾಪಿಗೆ ಯಾವ ರೀಲ್ ಸರಿ? ಹೋಸು, ಕೇಬಲ್ಲು ಎರಡನ್ನೂ ಇಟ್ಟು ಒಂದು ಹೋಲಿಕೆ

ಸ್ಪ್ರಿಂಗ್ ರೀಲ್ ತಗೊಳ್ಳೋದಾ, ಹ್ಯಾಂಡಲ್ ತಿರುಗಿಸೋದು ಸಾಕಾ, ಮೋಟರ್ ಇರೋದಕ್ಕೆ ಅಷ್ಟು ದುಡ್ಡು ಹಾಕ್ಬೇಕಾ, ಇಲ್ಲಾ ಗೋಡೆಗೆ ಒಂದು ಕೊಕ್ಕೆ ಹೊಡೆದು ಸುತ್ತಿ ನೇತು ಹಾಕಿದ್ರೆ ಆಗಲ್ವಾ? ಶಾಪ್ ಇಟ್ಕೊಂಡಿರೋರು, ಹೊಸದಾಗಿ ಹಾಕ್ತಿರೋರು ಎಲ್ಲರ ಗೊಂದಲಾನೂ ಈ ನಾಲ್ಕರ ಸುತ್ತಾನೇ ಇರುತ್ತೆ. ಪ್ರಶ್ನೆ ಸರಿಯಾಗೇ ಇದೆ, ಆದ್ರೆ ಅದನ್ನ ಕೊನೇಲಿ ಕೇಳ್ಬೇಕು. ಮೊದ್ಲು ನೋಡ್ಬೇಕಾಗಿರೋದು ಆ ರೀಲ್ ಒಳಗೆ ಏನು ಹರಿಯುತ್ತೆ ಅನ್ನೋದು, ಆಕ್ಸಿಜನ್ನಾ, ಅಸಿಟಿಲೀನಾ, ಆರ್ಗಾನಾ, ಕಂಪ್ರೆಸರ್ ಗಾಳಿನಾ ಅಥವಾ 200 ಆಂಪ್ಸ್ ಕರೆಂಟಾ. ಹೊರಗಿಂದ ನೋಡೋಕೆ ಎಲ್ಲಾ ರೀಲೂ ಒಂದೇ ಥರ, ಒಂದು ಡ್ರಮ್ಮು, ಎರಡು ಬದಿಗೆ ಪ್ಲೇಟು, ಒಂದು ಸ್ಟ್ಯಾಂಡು, ಅದಕ್ಕೇ ಜನ ಬಣ್ಣ ಮತ್ತೆ ಉದ್ದ ನೋಡಿ ತಗೊಂಡುಬಿಡ್ತಾರೆ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ರೀಲಲ್ಲಿ ಸೋರೋದು, ಬಿಸಿಯಾಗೋದು, ಕೆಡೋದು ಬಹುತೇಕ ಒಂದೇ ಜಾಗದಲ್ಲಿ, ತಿರುಗೋ ಡ್ರಮ್ಮಿಗೂ ತಿರುಗದೇ ಇರೋ ಲೈನಿಗೂ ನಡುವೆ ಇರೋ ಜಾಯಿಂಟಲ್ಲಿ. ಗ್ಯಾಸ್ ರೀಲಲ್ಲಿ ಅದು ಸ್ವಿವೆಲ್, ಕೇಬಲ್ ರೀಲಲ್ಲಿ ಸ್ಲಿಪ್ ರಿಂಗು ಮತ್ತೆ ಬ್ರಷ್ಶು (ತಿರುಗೋ ಲೋಹದ ಉಂಗುರ, ಅದಕ್ಕೆ ಒತ್ತಿಕೊಂಡು ಕರೆಂಟ್ ದಾಟಿಸೋ ತುಂಡು). ನೀವು ಜಾಸ್ತಿ ದುಡ್ಡು ಕೊಡ್ತೀರಾ ಅಂದ್ರೆ ಅದಕ್ಕೆ ಕೊಡಿ. ಸ್ಪ್ರಿಂಗು, ಮೋಟರ್ರು, ಪೌಡರ್ ಕೋಟಿಂಗು ಆಮೇಲೆ.

ಅಂಗಡಿಗೆ ಹೋಗೋ ಮುಂಚೆ

ದೂರ ಅಳೀರಿ, ಆದ್ರೆ ಗೋಡೆಯಿಂದ ಗೋಡೆಗೆ ನೇರವಾಗಿ ಅಲ್ಲ. ಸಿಲಿಂಡರ್ ಅಥವಾ ಮಷೀನ್ ಇರೋ ಜಾಗದಿಂದ ಶುರು ಮಾಡಿ ಟೇಬಲ್ ಸುತ್ತಿ, ಅತ್ಯಂತ ದೂರದ ಜಾಬಿನ (ವೆಲ್ಡ್ ಮಾಡೋ ವಸ್ತುವಿನ) ಆಚೆ ಬದಿಗೆ ಹೋಗಿ, ಅಲ್ಲಿ ಕೂತು ಕೈ ಆಡಿಸೋಷ್ಟು ಸಡಿಲ ಬಿಟ್ಟು ಒಂದು ಹಗ್ಗ ಹಾಸಿ, ಆ ಹಗ್ಗ ಅಳೀರಿ. ಡ್ರಮ್ ಮೇಲೆ ಯಾವಾಗ್ಲೂ ಕೊನೇ ಎರಡು ಸುತ್ತು ಉಳೀಬೇಕು, ಇಲ್ಲಾಂದ್ರೆ ಎಳೆದಾಗೆಲ್ಲ ಜೋರು ನೇರ ಫಿಟಿಂಗ್ ಮೇಲೆ ಬೀಳುತ್ತೆ, ಅದಕ್ಕೆ ಒಂದೆರಡು ಮೀಟರ್ ಸೇರಿಸಿ, ಅಷ್ಟಕ್ಕೇ ನಿಲ್ಲಿಸಿ. ಮುಂದೆ ಬೇಕಾಗ್ಬೋದು ಅಂತ 15 ಮೀಟರ್ ಸಾಕಾಗೋ ಕಡೆ 30 ತಗೊಳ್ಳೋದು ಒಳ್ಳೇ ಉಳಿತಾಯದ ಥರ ಕಾಣುತ್ತೆ, ಆದ್ರೆ ಪ್ರತಿ ಹೆಚ್ಚುವರಿ ಮೀಟರೂ ಗ್ಯಾಸಲ್ಲಿ ಪ್ರೆಶರ್ ತಿನ್ನುತ್ತೆ, ಕೇಬಲಲ್ಲಿ ವೋಲ್ಟೇಜ್ ತಿನ್ನುತ್ತೆ, ದಿನಾ.

ಆಮೇಲೆ ದಿನಕ್ಕೆ ಎಷ್ಟು ಸಲ ಎಳೆದು ಸುತ್ತುತ್ತೀರ ನೋಡಿ. ಬೆಳಿಗ್ಗೆ ಒಂದ್ಸಲ ಎಳೆದು ಸಂಜೆ ಸುತ್ತೋ ಶಾಪಿಗೂ, ಗಂಟೆಗೆ ಹತ್ತು ಸಲ ಟಾರ್ಚ್ (ಕೈಲಿ ಹಿಡಿದು ಕತ್ತರಿಸೋ, ವೆಲ್ಡ್ ಮಾಡೋ ತುದಿ) ಬೇರೆ ಬೇರೆ ಟೇಬಲ್ಲಿಗೆ ಹೋಗೋ ಶಾಪಿಗೂ ಒಂದೇ ರೀಲ್ ಹೇಳೋಕಾಗಲ್ಲ. ಮೂರನೇದು, ಕಿಡಿ ಎಲ್ಲಿ ಬೀಳುತ್ತೆ, ನೆಲದ ಮೇಲೆ ಬಿಸಿ ತುಂಡು ಬಿದ್ದಿರುತ್ತಾ, ತಲೆ ಮೇಲೆ ಕ್ರೇನ್ ಓಡಾಡುತ್ತಾ. ನಾಲ್ಕನೇದು ತೂಕ, ಇದನ್ನ ಕೇಬಲ್ ವಿಷ್ಯಕ್ಕೆ ಬಂದಾಗ ನೋಡೋಣ. ಐದನೇದು ನನಗೆ ತುಂಬಾ ಮುಖ್ಯ, ಸೀಲ್ ಕಿಟ್, ಬ್ರಷ್, ಸ್ಪ್ರಿಂಗ್ ಕ್ಯಾಸೆಟ್ ಬಿಡಿಯಾಗಿ ಸಿಗುತ್ತಾ ಇಲ್ವಾ. ಸಿಗಲ್ಲ ಅಂದ್ರೆ ಆ ರೀಲ್ ಎಷ್ಟೇ ಕಡಿಮೆಗೆ ಸಿಕ್ಕಿದ್ರೂ ಅದರ ಆಯಸ್ಸು ಒಂದು ರಬ್ಬರ್ ರಿಂಗಿನ ಆಯಸ್ಸೇ.

ಗ್ಯಾಸ್ ಕಟ್ಟಿಂಗ್ ಲೈನ್: ಮೊದ್ಲು ಹೋಸು, ಆಮೇಲೆ ರೀಲು

ಗ್ಯಾಸ್ ವೆಲ್ಡಿಂಗ್ ಹೋಸಿಗೆ ಐಎಸ್‌ಒ 3821 ಅಂತ ಸ್ಟ್ಯಾಂಡರ್ಡ್ ಇದೆ. ಅದರ ಪ್ರಕಾರ ಆಕ್ಸಿಜನ್ನಿಗೆ ನೀಲಿ, ಅಸಿಟಿಲೀನಿಗೆ ಕೆಂಪು, ಎಲ್‌ಪಿಜಿಗೆ ಕಿತ್ತಳೆ, ಆರ್ಗಾನ್ ಥರದ ಜಡ ಅನಿಲಕ್ಕೆ ಕಪ್ಪು. ಅಮೆರಿಕದ ಪದ್ಧತಿಲಿ ಆಕ್ಸಿಜನ್ನಿಗೆ ಹಸಿರು, ಹಂಗಾಗಿ ಆ ಕಡೆಯ ರೀಲ್ ತರಿಸಿಕೊಂಡ್ರೆ ಹಸಿರು ಹೋಸ್ ನೋಡಿ ಗಾಬರಿ ಬೇಡ, ಆದ್ರೆ ಒಂದೇ ಶಾಪಲ್ಲಿ ಎರಡು ಪದ್ಧತಿ ಬೆರೆಸಬೇಡಿ. ಹೋಸ್ ಮೈಮೇಲೆ ಸ್ಟ್ಯಾಂಡರ್ಡ್ ನಂಬರು, ಪ್ರೆಶರ್ರು, ಒಳಗಿನ ಅಳತೆ, ತಯಾರಾದ ವರ್ಷ ಇರ್ಬೇಕು. ಏನೂ ಬರೆದಿಲ್ಲದ ಬರೀ ಬಣ್ಣದ ಹೋಸ್ ಸುತ್ತಿರೋ ರೀಲ್ ಬೇಡವೇ ಬೇಡ.

ಅಸಿಟಿಲೀನಿಗಂತ ಮಾಡಿರೋ ಕೆಂಪು ಹೋಸಲ್ಲಿ ಎಲ್‌ಪಿಜಿ ಓಡಿಸೋದು ತುಂಬಾ ಕಡೆ ನಡೆಯುತ್ತೆ. ಆ ರಬ್ಬರ್ರಿಗೆ ಎಲ್‌ಪಿಜಿ ಆಗಿ ಬರಲ್ಲ, ಒಳಪದರ ಮೆತ್ತಗಾಗಿ ಉಬ್ಬಿ ಕೊನೆಗೆ ಬಿರುಕು ಬಿಡುತ್ತೆ, ಅದೂ ಒಳಗಿಂದ, ಹೊರಗೆ ಹೋಸ್ ಚೆನ್ನಾಗೇ ಕಾಣ್ತಿರುತ್ತೆ. ಎರಡೂ ಬಳಸ್ತೀರ ಅಂದ್ರೆ ಎಲ್ಲಾ ಇಂಧನ ಅನಿಲಕ್ಕೂ ಆಗೋ ಹೋಸನ್ನೇ ಕೇಳಿ, ಅಮೆರಿಕದ ಲೆಕ್ಕದಲ್ಲಿ ಅದಕ್ಕೆ ಗ್ರೇಡ್ ಟಿ ಅಂತಾರೆ, ಆರ್ ಮತ್ತೆ ಆರ್‌ಎಂ ಗ್ರೇಡು ಅಸಿಟಿಲೀನಿಗೆ ಮಾತ್ರ.

ಈಗ ಅಳತೆ. ಒಳಗಿನ ವ್ಯಾಸ 8 ಎಂಎಂ ತಗೊಳ್ಳೋದಾ 10 ತಗೊಳ್ಳೋದಾ ಅನ್ನೋದು ಸಣ್ಣ ವಿಷ್ಯ ಅಂತ ಅನ್ಸುತ್ತೆ, ಅಲ್ಲ. ಜೋರಾಗಿ ಹರಿಯೋ ಗ್ಯಾಸಲ್ಲಿ ಪ್ರೆಶರ್ ನಷ್ಟ ಸುಮಾರಾಗಿ ವ್ಯಾಸದ ಐದನೇ ಘಾತಕ್ಕೆ ವಿಲೋಮ, ಅಂದ್ರೆ 8ರಿಂದ 10ಕ್ಕೆ ಹೋದ್ರೆ ಅದೇ ಉದ್ದ ಅದೇ ಹರಿವಿಗೆ ನಷ್ಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಆಕ್ಸಿಜನ್ ಆದ್ರೆ ರೆಗ್ಯುಲೇಟರ್ ಸ್ವಲ್ಪ ಏರಿಸಿ ಸರಿ ಮಾಡ್ಕೋಬಹುದು. ಅಸಿಟಿಲೀನಲ್ಲಿ ಆ ದಾರಿ ಇಲ್ಲ, ಪ್ರೆಶರ್ ಜಾಸ್ತಿಯಾದ್ರೆ ಆ ಅನಿಲ ಆಕ್ಸಿಜನ್ ಇಲ್ಲದೇನೂ ತಾನಾಗೇ ಒಡೆದು ಸ್ಫೋಟ ಆಗೋ ಸ್ವಭಾವದ್ದು, ಅದಕ್ಕೇ ಗೇಜಲ್ಲಿ 1 ಬಾರ್ ಅಂದ್ರೆ ಸುಮಾರು 15 ಪಿಎಸ್‌ಐ ದಾಟಿಸಬಾರದು ಅಂತ ಕೆಲವು ಕಡೆ, 1.5 ಬಾರ್ ಅಂತ ಇನ್ನು ಕೆಲವು ಕಡೆ ಮಿತಿ ಇಟ್ಟಿದ್ದಾರೆ. ಹಂಗಾಗಿ ಉದ್ದ ಜಾಸ್ತಿ ಬೇಕು ಅಂದ್ರೆ ದಪ್ಪ ಹೋಸು ಒಂದೇ ದಾರಿ. ಫ್ಲ್ಯಾಶ್‌ಬ್ಯಾಕ್ ಅರೆಸ್ಟರೂ (ಬೆಂಕಿ ಹೋಸ್ ಒಳಗೆ ಹಿಂದಕ್ಕೆ ಓಡದಂತೆ ತಡೆಯೋದು) ಸ್ವಲ್ಪ ಪ್ರೆಶರ್ ತಿನ್ನುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ, ನಷ್ಟ ಆಗುತ್ತೆ ಅಂತ ಅರೆಸ್ಟರ್ ಬಿಚ್ಚಬೇಡಿ. 15 ಮೀಟರ್ ಒಳಗೆ ಸಾಧಾರಣ ಪ್ಲೇಟ್ ಕತ್ತರಿಸೋರಿಗೆ 8 ಎಂಎಂ ಸಾಕು, 30 ಮೀಟರ್ ಅಥವಾ ದಪ್ಪ ಪ್ಲೇಟು ಅಂದ್ರೆ 10 ಎಂಎಂ ಅನ್ನೋದು ನನ್ನ ಲೆಕ್ಕ.

ದಪ್ಪಕ್ಕೂ ಒಂದು ಬೆಲೆ ಇದೆ. 10 ಎಂಎಂ ಹೋಸು 30 ಮೀಟರ್ ಇದ್ರೆ ಒಂದೊಂದರ ಒಳಗೂ ಎರಡು ಲೀಟರಿಗಿಂತ ಜಾಸ್ತಿ ಜಾಗ ಇರುತ್ತೆ, ಹಚ್ಚೋ ಮುಂಚೆ ಅಷ್ಟನ್ನೂ ಹೊರಗೆ ಬಿಟ್ಟು ಪರ್ಜ್ ಮಾಡ್ಬೇಕು, ಎರಡನ್ನೂ ಒಂದೊಂದಾಗಿ. ಉದ್ದ ರೀಲ್ ಇರೋ ಶಾಪಲ್ಲಿ ಒಂದು ಸೆಕೆಂಡ್ ಬಿಟ್ಟು ಲೈಟರ್ ಹಿಡಿಯೋ ಅಭ್ಯಾಸ ತುಂಬಾ ಅಪಾಯ.

ಇನ್ನು ರೀಲು. ಗ್ಯಾಸಿಗೆ ಎರಡು ದಾರಿ ಇರೋ ಜೋಡಿ ಹೋಸ್ ರೀಲೇ ಬೇಕು. ಅದರ ಸ್ವಿವೆಲಲ್ಲಿ ಆಕ್ಸಿಜನ್ನಿಗೊಂದು, ಇಂಧನಕ್ಕೊಂದು ಪೂರ್ತಿ ಬೇರೆ ದಾರಿ ಇರುತ್ತೆ. ಎರಡೂ ದಾರಿ ಒಂದೇ ಶಾಫ್ಟಲ್ಲಿ ಅಕ್ಕಪಕ್ಕ ಇದ್ದು ನಡುವೆ ಒಂದೇ ಸೀಲ್ ಇರೋ ಡಿಸೈನಿಗಿಂತ, ಡ್ರಮ್ಮಿನ ಒಂದೊಂದು ಬದಿಯಿಂದ ಒಂದೊಂದು ಗ್ಯಾಸ್ ಒಳಗೆ ಬರೋದು ನನಗೆ ಜಾಸ್ತಿ ಧೈರ್ಯ. ಮೊದಲ್ನೇದ್ರಲ್ಲಿ ಸೀಲ್ ಹೋದ್ರೆ ಒಳಗೇ ಬೆರೆಯೋ ಸಾಧ್ಯತೆ ಇರುತ್ತೆ, ಎರಡನೇದ್ರಲ್ಲಿ ಸೋರಿದ್ರೂ ಹೊರಗೆ ಸೋರುತ್ತೆ, ವಾಸನೆಗೋ ಲೀಕ್ ಟೆಸ್ಟ್ ದ್ರಾವಣಕ್ಕೋ (ಸೋರೋ ಕಡೆ ಗುಳ್ಳೆ ಬರಿಸೋ ದ್ರವ) ಸಿಕ್ಕಿಬೀಳುತ್ತೆ. ಅಸಿಟಿಲೀನ್ ಹೋಗೋ ದಾರಿಲಿ ಶುದ್ಧ ತಾಮ್ರ ಇರಬಾರದು, ತಾಮ್ರದ ಜೊತೆ ಸೇರಿ ಅಸಿಟಿಲೈಡ್ ಅಂತ ಆಗುತ್ತೆ, ಸಣ್ಣ ಏಟಿಗೂ ಸಿಡಿಯೋ ವಸ್ತು ಅದು. ಹಿತ್ತಾಳೆ ಪರವಾಗಿಲ್ಲ, ಅದ್ರಲ್ಲಿ ತಾಮ್ರ ಶೇಕಡಾ 70ಕ್ಕಿಂತ ಕಡಿಮೆ ಇರ್ಬೇಕು. ಶಾಪಲ್ಲೇ ತಾಮ್ರದ ಪೈಪ್ ತುಂಡು ಹಾಕಿ ರೀಲಿಗೆ ಕನೆಕ್ಷನ್ ಕೊಡೋರಿಗೆ ಇದನ್ನ ಖಂಡಿತ ಹೇಳಿ.

ಆಕ್ಸಿಜನ್ ಕಡೆ ಕಥೆ ಬೇರೆ. ಗಾಳಿಗೂ ನೀರಿಗೂ ಎಣ್ಣೆಗೂ ಆಗುತ್ತೆ ಅಂತ ಮಾರೋ ಸಾಮಾನ್ಯ ರೀಲುಗಳ ಸ್ವಿವೆಲಿಗೆ ಫ್ಯಾಕ್ಟರಿಲೇ ಗ್ರೀಸ್ ಹಾಕಿರ್ತಾರೆ. ಪ್ರೆಶರ್ ಇರೋ ಆಕ್ಸಿಜನ್ ಗ್ರೀಸಿಗೆ ತಾಗಿದ್ರೆ ಕಿಡಿ ಇಲ್ಲದೇ ಬೆಂಕಿ ಹತ್ತಬಹುದು. ಎರಡು ಸಾದಾ ಏರ್ ರೀಲ್ ತಗೊಂಡು ಒಂದಕ್ಕೆ ನೀಲಿ ಒಂದಕ್ಕೆ ಕೆಂಪು ಹೋಸ್ ಸುತ್ತೋಣ ಅನ್ನೋ ಉಳಿತಾಯ ಅದಕ್ಕೇ ಬೇಡ ಅನ್ನೋದು, ಇದ್ರಲ್ಲಿ ಬಜೆಟ್ ಮಾತಿಗೆ ಜಾಗ ಇಲ್ಲ. ಆಕ್ಸಿ ಫ್ಯೂಯಲ್ ಅಂತಲೇ ಬರೆದು ಕೊಟ್ಟಿರೋ ರೀಲಿಗೆ ದುಡ್ಡಿಲ್ಲ ಅಂದ್ರೆ ರೀಲೇ ಬೇಡ, ದೊಡ್ಡ ಅರ್ಧಚಂದ್ರದ ಹ್ಯಾಂಗರ್ ಗೋಡೆಗೆ ಹಾಕಿ ಹೋಸನ್ನ ಅದರ ಮೇಲೆ ನೇತುಹಾಕಿ. ಸ್ವಿವೆಲೇ ಇಲ್ಲ, ಸೋರೋಕೆ ಜಾಗಾನೂ ಕಡಿಮೆ. ಚೂಪಾದ ಕೊಕ್ಕೆ, ಮೊಳೆ ಬೇಡ, ಹೋಸ್ ಅಲ್ಲೇ ಮಡಿಸಿಕೊಂಡು ಸೀಳುತ್ತೆ. ಸಿಲಿಂಡರ್ ಕತ್ತಿಗೆ ಸುತ್ತಿಡೋದಂತೂ ಬೇಡವೇ ಬೇಡ, ಹೋಸಿಗೆ ಬೆಂಕಿ ಹತ್ತಿದ್ರೆ ಸಿಲಿಂಡರಿಗೇ ಸುತ್ತಿಕೊಂಡು ಉರಿಯುತ್ತೆ.

ಸ್ಪ್ರಿಂಗಾ, ಹ್ಯಾಂಡಲ್ಲಾ? ಗ್ಯಾಸ್ ಹೋಸು ಹಗುರ, ಹಂಗಾಗಿ 15 ಮೀಟರ್ ತನಕ ಸ್ಪ್ರಿಂಗ್ ಚೆನ್ನಾಗಿ ಕೆಲಸ ಮಾಡುತ್ತೆ, ದಿನಕ್ಕೆ ಹತ್ತಾರು ಸಲ ಎಳೆಯೋ ಕಡೆ ನೆಲ ಖಾಲಿ ಇಡೋಕೆ ಇದಕ್ಕಿಂತ ಒಳ್ಳೇದಿಲ್ಲ. ಕಷ್ಟ ಅಂದ್ರೆ ಬಿಟ್ಟ ತಕ್ಷಣ ಟಾರ್ಚ್ ತುದಿ ಹಾರಿಕೊಂಡು ಹೋಗುತ್ತೆ, ದಾರಿಲಿ ಇರೋರ ಮುಖಕ್ಕೆ ಹೊಡೆಯುತ್ತೆ, ಸುತ್ತೋವಾಗ ತುದಿ ಕೈಯಲ್ಲಿ ಹಿಡ್ಕೊಂಡೇ ರೀಲ್ ತನಕ ನಡೀಬೇಕು. ನಿಧಾನಕ್ಕೆ ಸುತ್ತೋ ಬ್ರೇಕ್ ಇರೋ ಮಾಡೆಲೂ ಬರುತ್ತೆ, ಓಡಾಟ ಜಾಸ್ತಿ ಇರೋ ಶಾಪಲ್ಲಿ ಆ ಹೆಚ್ಚುವರಿ ದುಡ್ಡು ಸಾರ್ಥಕ. ಟಾರ್ಚ್ ಉರೀತಿರೋವಾಗ ಸ್ಪ್ರಿಂಗ್ ಎಳೀತಾನೇ ಇದ್ರೆ ಕೈಗೆ ಹಿಂಸೆ, ಕಟ್ ಲೈನ್ ಅಲುಗಾಡುತ್ತೆ, ಅದಕ್ಕೇ ಎಳೆದಷ್ಟಕ್ಕೇ ಹಿಡಿದು ನಿಲ್ಲಿಸೋ ರಾಚೆಟ್ ಲಾಕ್ ಇರ್ಲೇಬೇಕು. ಸ್ಪ್ರಿಂಗ್ ಹಾಳಾದ್ರೆ ಕ್ಯಾಸೆಟ್ ಪೂರ್ತಿ ಬದಲಾಯಿಸಿ, ಬಿಚ್ಚೋಕೆ ಹೋಗಬೇಡಿ, ಒಳಗೆ ಸುತ್ತಿರೋ ಪಟ್ಟಿ ಹಾರಿದ್ರೆ ಬೆರಳು ಹೋಗುತ್ತೆ. 30 ಮೀಟರ್ ಜೋಡಿ ಹೋಸಿಗೆ, ದಿನಕ್ಕೆ ಒಂದೆರಡು ಸಲ ಅಷ್ಟೇ ಎಳೆಯೋದು ಅಂದ್ರೆ ನಾನು ಹ್ಯಾಂಡಲ್ ರೀಲೇ ಹೇಳೋದು, ಸ್ಪ್ರಿಂಗಿನ ರಗಳೆ ಇಲ್ಲ, ಸುತ್ತೋವಾಗ ಹೋಸ್ ಮೇಲೆ ಕಣ್ಣೂ ಆಡುತ್ತೆ. ಕತ್ತರಿಸಿದ ತುಂಡು ಕಪ್ಪಾದ್ಮೇಲೂ ಇನ್ನೂ ಸುಡ್ತಿರುತ್ತೆ, ಅದರ ಮೇಲೆ ಹೋಸ್ ಹಾದುಹೋದ್ರೆ ಹೆಬ್ಬೆರಳಗಲ ಒಂದು ಹೊಳೆಯೋ ಕಲೆ ಉಳಿಯುತ್ತೆ, ಆ ಕಲೆ ಇರೋ ಕಡೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದ್ರೆ ಒಳಗಿನ ದಾರ ಬಿಳಿಯಾಗಿ ಇಣುಕುತ್ತೆ. ಸ್ಪ್ರಿಂಗ್ ರೀಲ್ ಅದನ್ನ ಸರ್ರ್ ಅಂತ ಒಳಗೆ ಎಳ್ಕೊಂಡು ಮುಚ್ಚಿಟ್ಟುಬಿಡುತ್ತೆ. ದಾರ ಕಂಡ್ರೆ ಟೇಪ್ ಸುತ್ತಬೇಡಿ, ಆ ತುಂಡು ಕತ್ತರಿಸಿ ಸರಿಯಾದ ಜಾಯಿನರ್ ಹಾಕಿ, ಇಲ್ಲಾ ಹೋಸೇ ಬದಲಿಸಿ.

ಸಂಜೆ ಸಿಲಿಂಡರ್ ವಾಲ್ವ್ ಮುಚ್ಚಿ ಲೈನ್ ಖಾಲಿ ಮಾಡಿ, ಯಾವ ರೀಲ್ ಆದ್ರೂ ಸರಿ. ಅಸಿಟಿಲೀನ್ ಗಾಳಿಲಿ ಶೇಕಡಾ 2.5 ಆದ್ರೆ ಸಾಕು ಹತ್ತಿಕೊಳ್ಳುತ್ತೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಗುಂಡಿಲಿ ಚರಂಡಿಲಿ ಕೂತಿರುತ್ತೆ. ರಾತ್ರಿ ಇಡೀ ಪ್ರೆಶರಲ್ಲಿ ನಿಂತ ಸ್ವಿವೆಲ್ ಎಷ್ಟು ಸಣ್ಣಗೆ ಸೋರಿದ್ರೂ ಬೆಳಿಗ್ಗೆಗೆ ಜಾಸ್ತಿನೇ.

ಆರ್ಗಾನ್, ಸಿಒಟು ಲೈನಲ್ಲಿ ಲೆಕ್ಕ ತಿರುಗುಮುರುಗು

ಮಿಗ್ (ವೈರ್ ತಾನಾಗೇ ಬರೋ ವೆಲ್ಡಿಂಗು), ಟಿಗ್ (ಟಂಗ್‌ಸ್ಟನ್ ತುದಿಯ ವೆಲ್ಡಿಂಗು) ಎರಡರಲ್ಲೂ ವೆಲ್ಡಿಗೆ ಗಾಳಿ ತಾಗದ ಹಾಗೆ ಕಾಯೋ ಶೀಲ್ಡಿಂಗ್ ಗ್ಯಾಸಿಗೆ ದಪ್ಪ ಹೋಸು ಬೇಡ. ಇಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಅಷ್ಟೇ ಹರಿಯೋದು, ಪ್ರೆಶರ್ ನಷ್ಟದ ಚಿಂತೆ ಕಡಿಮೆ. ತೊಂದರೆ ಬೇರೆ ಕಡೆಯಿಂದ ಬರುತ್ತೆ: ಟ್ರಿಗರ್ ಬಿಟ್ಟಾಗ ಹೋಸ್ ಒಳಗೆ ಪ್ರೆಶರ್ ತುಂಬಿಕೊಂಡು ನಿಲ್ಲುತ್ತೆ, ಮತ್ತೆ ಒತ್ತಿದ ಕ್ಷಣ ಅಷ್ಟೂ ಒಟ್ಟಿಗೆ ನುಗ್ಗುತ್ತೆ, ಆ ನುಗ್ಗಾಟದಲ್ಲಿ ಸುತ್ತಲಿನ ಗಾಳಿನೂ ಒಳಗೆ ಎಳ್ಕೊಂಡು ವೆಲ್ಡಿನ ಶುರುವಲ್ಲೇ ಸಣ್ಣ ಸಣ್ಣ ತೂತು ಬರುತ್ತೆ. 15 ಮೀಟರ್ 8 ಎಂಎಂ ಹೋಸಲ್ಲಿ ಮುಕ್ಕಾಲು ಲೀಟರ್ ಜಾಗ, ಅದೇ ಉದ್ದ 5 ಎಂಎಂ ಆದ್ರೆ ಸುಮಾರು 0.3 ಲೀಟರ್. ಸ್ಪಾಟ್ ಸ್ಪಾಟಾಗಿ ಟ್ಯಾಕ್ ಹಾಕೋರಿಗೆ ಗ್ಯಾಸ್ ಬೇಗ ಖಾಲಿ ಆಗ್ತಿದೆ ಅಂದ್ರೆ ಇದೂ ಒಂದು ಕಾರಣ. ಹಂಗಾಗಿ ಕಟ್ಟಿಂಗಿಗೆ ತಂದ ಜೋಡಿ ರೀಲಲ್ಲಿ ಮಿಕ್ಕಿದ ದಪ್ಪ ಹೋಸನ್ನ ಆರ್ಗಾನಿಗೆ ಹಾಕೋದು ಒಳ್ಳೇ ಐಡಿಯಾ ಅಲ್ಲ, ಸಣ್ಣ ಬೋರ್, ಕಡಿಮೆ ಉದ್ದ ಸಾಕು. ಸಾಧ್ಯ ಆದ್ರೆ ರೀಲೇ ಬಿಟ್ಟು ಸಿಲಿಂಡರನ್ನ ಮಷೀನ್ ಟ್ರಾಲಿ ಮೇಲೇ ಇಡಿ.

ಮಿಗ್ ಟಾರ್ಚನ್ನೇ ರೀಲಿಗೆ ಸುತ್ತೋಕಾಗುತ್ತಾ ಅಂತ ಕೇಳೋರೂ ಇದ್ದಾರೆ. ಆಗಲ್ಲ. ಒಳಗೆ ವೈರ್ ತಳ್ಳಿಕೊಂಡು ಹೋಗ್ಬೇಕು, ಕೇಬಲ್ ಸುತ್ತಿಕೊಂಡಿದ್ರೆ ಲೈನರಲ್ಲಿ (ವೈರ್ ಹೋಗೋ ಒಳಕೊಳವೆಲಿ) ವೈರ್ ಉಜ್ಜಿ ತಡವರಿಸುತ್ತೆ. ಟಾರ್ಚ್ 3ರಿಂದ 5 ಮೀಟರ್ ಇಟ್ಕೊಂಡು ವೈರ್ ಫೀಡರನ್ನೇ ಜಾಬ್ ಹತ್ರ ಒಯ್ಯೋದು, ಇಲ್ಲಾ ತಲೆ ಮೇಲೆ ತಿರುಗೋ ಬೂಮಿಗೆ ನೇತುಹಾಕೋದು ಸರಿಯಾದ ದಾರಿ.

ವೆಲ್ಡಿಂಗ್ ಕೇಬಲ್: ತೂಕ ಮತ್ತು ಬಿಸಿ

ಕೇಬಲ್ಲಿಗೆ ಬಂದ್ರೆ ಹೋಸಿನ ಬುದ್ಧಿ ಕೆಲಸಕ್ಕೆ ಬರಲ್ಲ. 50 ಸ್ಕ್ವೇರ್ ಎಂಎಂ ಕೇಬಲ್ 30 ಮೀಟರ್ ತಗೊಂಡ್ರೆ ತಾಮ್ರ ಒಂದೇ 13 ಕೇಜಿ ದಾಟುತ್ತೆ, ರಬ್ಬರ್ ಸೇರಿದ್ರೆ ಇನ್ನೂ ಜಾಸ್ತಿ, ಆಮೇಲೆ ಅರ್ಥ್ ಕೇಬಲ್ಲೂ ಅಷ್ಟೇ ಉದ್ದ ಬೇಕು. ಇದನ್ನ ಸ್ಪ್ರಿಂಗಿನ ಮೇಲೆ ಹಾಕಿದ್ರೆ ಸ್ಪ್ರಿಂಗು ಅಷ್ಟು ಜೋರಿರ್ಬೇಕು, ಎಳೆಯೋರ ಭುಜಾನೂ ಅಷ್ಟೇ ಜೋರಿರ್ಬೇಕು.

ಮೊದ್ಲು ಕೇಬಲ್ ಸೈಜ್. ರಬ್ಬರ್ ಹೊದಿಕೆಯ ತಾಮ್ರದ ವೆಲ್ಡಿಂಗ್ ಕೇಬಲ್ ನಿಲ್ಲಿಸದೇ ಓಡಿಸಿದ್ರೆ ಸುಮಾರಾಗಿ 35 ಸ್ಕ್ವೇರ್ 225 ಆಂಪ್ಸ್, 50 ಸ್ಕ್ವೇರ್ 285, 70 ಸ್ಕ್ವೇರ್ 355 ತಡ್ಕೊಳ್ಳುತ್ತೆ, ಬಿಟ್ಟು ಬಿಟ್ಟು ಹೊಡೆದ್ರೆ ಇನ್ನೂ ಜಾಸ್ತಿ. ಆದ್ರೆ ಈ ಅಂಕಿ ಎಲ್ಲಾ ಗಾಳಿಲಿ ಬಿಡಿಸಿ ಹಾಸಿದ ಕೇಬಲ್ಲಿಗೆ, ಡ್ರಮ್ಮಲ್ಲಿ ಪದರ ಪದರ ಸುತ್ತಿದ್ದಕ್ಕಲ್ಲ.

ಉದ್ದ ಇದ್ದಾಗ ಬಿಸಿಗಿಂತ ಮುಂಚೆ ವೋಲ್ಟೇಜ್ ಕಾಡುತ್ತೆ. 30 ಮೀಟರ್ ದೂರ ಅಂದ್ರೆ ಹೋಗಿ ಬರೋದು 60 ಮೀಟರ್. 200 ಆಂಪ್ಸಲ್ಲಿ 35 ಸ್ಕ್ವೇರಾದ್ರೆ 6 ವೋಲ್ಟ್ ದಾರಿಲೇ ಹೋಗುತ್ತೆ, 50 ಸ್ಕ್ವೇರಾದ್ರೆ 4.2, 70 ಆದ್ರೆ 3. ರಾಡ್ ವೆಲ್ಡಿಂಗಲ್ಲಿ 200 ಆಂಪ್ಸಿಗೆ ಆರ್ಕ್ (ರಾಡ್ ತುದಿಲಿ ಉರಿಯೋ ವಿದ್ಯುತ್ ಕಿಡಿ) ಕೇಳೋದೇ ಸುಮಾರು 28 ವೋಲ್ಟು. ರಾಡ್‌ನಲ್ಲಿ ಮಷೀನ್ ಇದನ್ನ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತೆ, ಆದ್ರೆ ಮಿಗ್ಗಲ್ಲಿ ವೋಲ್ಟೇಜೇ ಸೆಟ್ಟಿಂಗ್, ಡಯಲಲ್ಲಿ ಒಂದು ಕಾಣುತ್ತೆ ಟಾರ್ಚ್ ತುದಿಲಿ ಇನ್ನೊಂದು ಸಿಗುತ್ತೆ, ಜೋಡಣೆ ತಣ್ಣಗೆ ಕೂರುತ್ತೆ.

ಇನ್ನು ಬಿಸಿ. 200 ಆಂಪ್ಸ್ ಹರೀತಿರೋವಾಗ 30 ಮೀಟರ್ 50 ಸ್ಕ್ವೇರ್ ಕೇಬಲ್ ಒಂದೇ 420 ವಾಟ್ ಬಿಸಿ ಉಗುಳುತ್ತೆ, 35 ಸ್ಕ್ವೇರಾದ್ರೆ 600 ವಾಟ್. ನೆಲದ ಮೇಲೆ ಹಾಸಿದ್ರೆ ಅದು ಹರಡಿಕೊಂಡು ಹೋಗುತ್ತೆ, ಡ್ರಮ್ಮಲ್ಲಿ ಬಿಗಿಯಾಗಿ ಸುತ್ತಿದ್ರೆ ಒಳಪದರಕ್ಕೆ ಗಾಳಿನೇ ಇಲ್ಲ. ಹೊರಪದರ ಮುಟ್ಟಿದ್ರೆ ಬೆಚ್ಚಗಷ್ಟೇ ಇರುತ್ತೆ, ಒಳಪದರದ ರಬ್ಬರ್ ಅಷ್ಟೊತ್ತಿಗೆ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಸುತ್ತಿರೋ ಕೇಬಲ್ ಕಾಯಿಲ್ ಥರಾನೂ ಕೆಲಸ ಮಾಡುತ್ತೆ, ಕಬ್ಬಿಣದ ಡ್ರಮ್ಮಾದ್ರೆ ಇನ್ನೂ ಜೋರು. ಡಿಸಿ ರಾಡಲ್ಲಿ ಅಷ್ಟು ಗೊತ್ತಾಗಲ್ಲ, ಎಸಿ ಟಿಗ್ಗಲ್ಲಿ, ಕರೆಂಟ್ ಏರಿಳಿಯೋ ಪಲ್ಸಲ್ಲಿ ಆರ್ಕ್ ನಿಲ್ಲೋದೇ ಕಷ್ಟ. ಮಿಕ್ಕಿದ ಕೇಬಲ್ಲನ್ನ ಡ್ರಮ್ಮಲ್ಲಿ ಬಿಡೋ ಬದ್ಲು ಎಂಟರ ಆಕಾರದಲ್ಲಿ ನೆಲಕ್ಕೆ ಹಾಸಿದ್ರೆ ಎರಡೂ ತೊಂದರೆ ಕಡಿಮೆ ಆಗುತ್ತೆ, ಹೋಲ್ಡರ್ ಕೇಬಲ್ಲು ಅರ್ಥ್ ಕೇಬಲ್ಲು ಜೊತೆಜೊತೆಲೇ ಓಡಿಸಿ.

ಈಗ ಆಯ್ಕೆಗಳು. ಸ್ಲಿಪ್ ರಿಂಗ್ ಇಲ್ಲದ ಬರೀ ಹ್ಯಾಂಡಲ್ ಡ್ರಮ್ಮು ಮೊದಲ್ನೇದು: ಪೂರ್ತಿ ಬಿಚ್ಚಿ, ತುದಿನ ಮಷೀನಿಗೆ ತಿರುಗಿಸಿ ಲಾಕ್ ಮಾಡಿ, ಕೆಲಸ ಆದ್ಮೇಲೆ ಕಳಚಿ ಸುತ್ತೋದು. ಕಡಿಮೆ ಖರ್ಚು, ಕೆಡೋಕೆ ಏನೂ ಇಲ್ಲ, ಪೂರ್ತಿ ಬಿಚ್ಚಲೇಬೇಕಾಗಿರೋದ್ರಿಂದ ಬಿಸಿ ತೊಂದರೆನೂ ಇಲ್ಲ. ಸೈಟ್ ಕೆಲಸಕ್ಕೆ, ದಿನಕ್ಕೆ ಒಂದು ಜಾಗದಲ್ಲಿ ಕೂತು ಮಾಡೋರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳ್ತೀನಿ. ಸ್ಲಿಪ್ ರಿಂಗ್ ಇರೋ ರೀಲು ಎರಡನೇದು: ಬೇಕಾದಷ್ಟೇ ಎಳ್ಕೊಂಡು ಹೊಡೀಬಹುದು, ಟ್ಯಾಂಕ್ ಸುತ್ತ ಅಥವಾ ಉದ್ದ ಬೀಮ್ ಮೇಲೆ ಜಾಗ ಬದಲಿಸ್ತಾ ಹೋಗೋರಿಗೆ ನಿಜವಾಗ್ಲೂ ಸಮಯ ಉಳಿಯುತ್ತೆ. ಆದ್ರೆ ಬ್ರಷ್ ಸವೆಯುತ್ತೆ, ಗ್ರೈಂಡಿಂಗ್ ಧೂಳು ಕೂತ್ರೆ ಕಾಂಟ್ಯಾಕ್ಟ್ ಬಿಸಿಯಾಗುತ್ತೆ. ಕವರ್ ತೆಗೆದು ನೋಡಿದಾಗ ರಿಂಗ್ ಒಂದು ಕಡೆ ನೀಲಿ ತಿರುಗಿ, ಬ್ರಷ್ ಅಂಚು ಪುಡಿಪುಡಿಯಾಗಿ, ಪಕ್ಕದ ಇನ್ಸುಲೇಶನ್ ಕಂದು ಬಣ್ಣಕ್ಕೆ ಬಂದಿದ್ರೆ ಆ ಜಾಯಿಂಟ್ ತನ್ನ ಮಿತಿ ದಾಟಿ ಓಡಿದೆ ಅಂತ. ತಗೊಳ್ಳೋವಾಗ ಎಷ್ಟು ಆಂಪ್ಸ್ ಅಂತ ಮಾತ್ರ ಕೇಳಬೇಡಿ, ಎಷ್ಟು ಡ್ಯೂಟಿ ಸೈಕಲ್ಲಿಗೆ (ಒಟ್ಟು ಹೊತ್ತಲ್ಲಿ ಎಷ್ಟು ಹೊತ್ತು ಕರೆಂಟ್ ಹರಿಯುತ್ತೆ ಅನ್ನೋ ಪಾಲು) ಅಷ್ಟು ಆಂಪ್ಸ್ ಅಂತ ಕೇಳಿ, ಆಮೇಲೆ ಕೇಬಲ್ ಸುತ್ತಿರೋವಾಗ್ಲೂ ಅಷ್ಟೇನಾ ಅಂತಾನೂ ಕೇಳಿ. ಉತ್ತರ ಕೊಡೋಕಾಗದೇ ಇದ್ರೆ ಬೇರೆ ಕಡೆ ನೋಡಿ. ಮೋಟರ್ ರೀಲು 70 ಸ್ಕ್ವೇರ್, 95 ಸ್ಕ್ವೇರ್ ಉದ್ದ ಕೇಬಲ್ ಇರೋ ದೊಡ್ಡ ಶಾಪಿಗೆ ಮಾತ್ರ, ಅಲ್ಲಿ ಅದು ಬೆನ್ನು ಉಳಿಸುತ್ತೆ, ಮಿಕ್ಕಿದವರಿಗೆ ಬೇಡ.

ಯಾವುದೇ ಆಗ್ಲಿ, ಕರೆಂಟ್ ಹೋಗೋ ಭಾಗಕ್ಕೂ ರೀಲ್ ಫ್ರೇಮಿಗೂ ಸಂಪರ್ಕ ಇರಬಾರದು. ಫ್ರೇಮಿಗೆ ತಾಗಿದ್ರೆ ವೆಲ್ಡಿಂಗ್ ಕರೆಂಟು ಬಿಲ್ಡಿಂಗ್ ಕಬ್ಬಿಣ, ಬೇರಿಂಗು, ಕ್ರೇನ್ ರೋಪು, ಬೇರೆ ಮಷೀನಿನ ಅರ್ಥ್ ವೈರು ಎಲ್ಲೆಲ್ಲೋ ದಾರಿ ಹುಡುಕುತ್ತೆ. ಇನ್ನೊಂದು ಎಚ್ಚರಿಕೆ, ಸ್ಟ್ಯಾಟಿಕ್ ಗ್ರೌಂಡಿಂಗ್ ರೀಲ್ ಅಂತ ಒಂದು ಬರುತ್ತೆ, ತುದಿಲಿ ಕ್ಲ್ಯಾಂಪ್ ಇರುತ್ತೆ, ನೋಡೋಕೆ ಅರ್ಥ್ ರೀಲೇ. ಅದು ಪೆಟ್ರೋಲ್ ಟ್ಯಾಂಕರ್ ಥರದ ಕಡೆ ಸ್ಥಿರ ವಿದ್ಯುತ್ ಇಳಿಸೋಕೆ ಇರೋ ತೆಳು ತಂತಿ, ವೆಲ್ಡಿಂಗ್ ಅರ್ಥಿಗೆ ಹಾಕಿದ್ರೆ ಕ್ಷಣದಲ್ಲಿ ಕೆಂಪಾಗುತ್ತೆ.

ಕೇಬಲ್ಲಲ್ಲೇ ಮೋಸ ಜಾಸ್ತಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಎಳೆ ಹಾಕಿ ತಾಮ್ರ ಅಂತ ಮಾರ್ತಾರೆ. ಅಲ್ಯೂಮಿನಿಯಂ ವಾಹಕತೆ ತಾಮ್ರದ ಶೇಕಡಾ 61ರಷ್ಟು, ಮೇಲಿನ ಲೆಕ್ಕ ಎಲ್ಲಾ ಅಲ್ಲೇ ಬಿದ್ದುಹೋಗುತ್ತೆ. ಒಂದು ಎಳೆನ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ವಾಪಸ್ ಕೊಡಿ. ಕೈಲಿ ಹಿಡಿದಾಗ ಸೈಜಿಗೆ ತಕ್ಕ ಭಾರ ಇಲ್ಲ ಅನ್ನಿಸಿದ್ರೂ ಅನುಮಾನ ಪಡಿ.

ಮೇನ್ಸ್ ಎಕ್ಸ್‌ಟೆನ್ಷನ್ ರೀಲ್, ಏರ್ ರೀಲ್

ಇನ್ವರ್ಟರ್ ಮಷೀನ್ ಹಗುರ ಆದ್ಮೇಲೆ ಇನ್ನೊಂದು ದಾರಿ ತೆರೆದಿದೆ, ವೆಲ್ಡಿಂಗ್ ಕೇಬಲ್ ಚಿಕ್ಕದಿಟ್ಟು ಮಷೀನನ್ನೇ ಜಾಬ್ ಹತ್ರ ತಗೊಂಡು ಹೋಗಿ ಮೇನ್ಸ್ ಸಪ್ಲೈಗೆ ರೀಲ್ ಹಾಕೋದು. ಸಪ್ಲೈ ಕಡೆ ಆಂಪ್ಸ್ ತುಂಬಾ ಕಡಿಮೆ, ಹಂಗಾಗಿ ಅದೇ ದೂರಕ್ಕೆ ಕೇಬಲ್ ತೆಳ್ಳಗೆ, ಹಗುರ, ನಷ್ಟಾನೂ ಕಡಿಮೆ. ಖರ್ಚಿನ ಲೆಕ್ಕದಲ್ಲಿ ಬಹಳ ಶಾಪಿಗೆ ಇದೇ ಗೆಲ್ಲುತ್ತೆ. ಆದ್ರೆ ಕಿಡಿ, ಚೂಪು ಶೀಟು, ಟ್ರಾಲಿ ಚಕ್ರ ಎಲ್ಲಾ ಇರೋ ನೆಲದ ಮೇಲೆ ಮೇನ್ಸ್ ವೋಲ್ಟೇಜ್ ಹಾಸ್ತಿದೀರ ಅನ್ನೋದು ನೆನಪಿರ್ಲಿ. ಪಿವಿಸಿ ಹೊದಿಕೆ ಬೇಡ, ಕಿಡಿಗೆ ಕರಗುತ್ತೆ, ರಬ್ಬರ್ ಹೊದಿಕೆಯದ್ದೇ ತಗೊಳ್ಳಿ, ಲೈನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಇರ್ಲಿ, ರೀಲನ್ನ ತಲೆ ಮೇಲೆ ಹಾಕೋಕಾದ್ರೆ ಇನ್ನೂ ಒಳ್ಳೇದು.

ಈ ರೀಲುಗಳ ಲೇಬಲ್ ಮೇಲೆ ಎರಡು ವಾಟೇಜ್ ಬರೆದಿರುತ್ತೆ, ಸುತ್ತಿದಾಗ ಇಷ್ಟು, ಪೂರ್ತಿ ಬಿಚ್ಚಿದಾಗ ಇಷ್ಟು. ಸುತ್ತಿದಾಗಿನದ್ದು ಎಷ್ಟೋ ರೀಲಲ್ಲಿ ಮೂರನೇ ಒಂದು ಭಾಗದಷ್ಟೇ ಇರುತ್ತೆ. ವೆಲ್ಡಿಂಗ್ ಮಷೀನಿಗಾದ್ರೆ ಪೂರ್ತಿ ಬಿಚ್ಚಿಯೇ ಬಳಸಿ. ಮಷೀನ್ ಪ್ಲೇಟ್ ಮೇಲೆ ಐ1 ಮ್ಯಾಕ್ಸ್, ಐ1 ಎಫೆಕ್ಟಿವ್ ಅಂತ ಎರಡು ಆಂಪ್ಸ್ ಇರುತ್ತೆ, ಮೊದಲ್ನೇದು ಅತಿ ಹೆಚ್ಚು ಎಳೆಯೋದು, ಎರಡನೇದು ಬಿಸಿ ಲೆಕ್ಕಕ್ಕೆ. ಕೇಬಲ್ ಕನಿಷ್ಠ ಎರಡನೇದನ್ನ ಆರಾಮಾಗಿ ತಡ್ಕೋಬೇಕು, ಉದ್ದ ಇದ್ರೆ ಅದಕ್ಕಿಂತ ಒಂದು ಸೈಜ್ ಮೇಲೆ ಹೋಗಿ. ಥರ್ಮಲ್ ಕಟೌಟ್ (ಬಿಸಿ ಜಾಸ್ತಿಯಾದ್ರೆ ತಾನೇ ಆಫ್ ಮಾಡೋದು) ಇಲ್ಲದ ರೀಲ್ ಮುಟ್ಟಬೇಡಿ.

ಏರ್ ರೀಲ್ ಸುಲಭ. ಗ್ರೈಂಡರ್ ಓಡಿಸೋಕೆ 10ರಿಂದ 13 ಎಂಎಂ, ಬರೀ ಊದೋಕೆ ಅದಕ್ಕಿಂತ ಸಣ್ಣದು, ಸ್ಪ್ರಿಂಗ್ ರೀಲ್ ಇಲ್ಲಿ ಪೂರ್ತಿ ಸರಿ, ಹೋಸ್ ಮಾತ್ರ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಬೇಡ ರಬ್ಬರ್ ಇರ್ಲಿ. ಗಾಳಿ ಓಡಿದ ಹೋಸು ಒಳಗೆ ಕಂಪ್ರೆಸರ್ ಎಣ್ಣೆ ಹಿಡಿದಿರುತ್ತೆ, ಅದನ್ನ ಯಾವತ್ತೂ ಆಕ್ಸಿಜನ್ನಿಗೆ ತಿರುಗಿಸಬೇಡಿ.

ಯಾರಿಗೆ ಯಾವುದು

ಒಬ್ಬರೇ ಇರೋ ಸಣ್ಣ ಶಾಪು, ಎಲ್ಲಾ ಕೆಲಸ ಎಂಟ್ಹತ್ತು ಮೀಟರ್ ಒಳಗೆ, ಬಜೆಟ್ ಬಿಗಿ ಅಂದ್ರೆ ಗ್ಯಾಸಿಗೆ ಹ್ಯಾಂಗರ್, ಕೇಬಲ್ಲಿಗೆ ಎಂಟರ ಆಕಾರದಲ್ಲಿ ಸುತ್ತಿ ಇನ್ನೊಂದು ಹ್ಯಾಂಗರ್, ಉಳಿದ ದುಡ್ಡನ್ನ ಒಳ್ಳೇ ಹೋಸಿಗೆ, ಅರೆಸ್ಟರಿಗೆ, ನಿಜವಾದ ತಾಮ್ರದ ಕೇಬಲ್ಲಿಗೆ ಹಾಕಿ. ರೀಲ್ ಒಂದೇ ತಗೋಬೇಕು ಅನ್ನೋ ಆಸೆ ಇದ್ರೆ ಮೊದಲು ಏರ್ ರೀಲ್ ತಗೊಳ್ಳಿ, ಅಪಾಯ ಕಡಿಮೆ, ನೆಲ ಖಾಲಿ ಆಗೋದು ಕಣ್ಣಿಗೆ ಕಾಣುತ್ತೆ.

ಮೂರ್ನಾಲ್ಕು ಜನ, ನಾಲ್ಕೈದು ಟೇಬಲ್ಲು, ಟಾರ್ಚ್ ಕೈಯಿಂದ ಕೈಗೆ ಓಡಾಡುತ್ತೆ ಅಂದ್ರೆ ಗ್ಯಾಸಿಗೆ ಬ್ರೇಕ್ ಇರೋ 15 ಮೀಟರ್ ಜೋಡಿ ಸ್ಪ್ರಿಂಗ್ ರೀಲ್, ಗೋಡೆಗೆ ಅಥವಾ ಸೂರಿಗೆ, ಆದ್ರೆ ಲೀಕ್ ಟೆಸ್ಟ್ ದ್ರಾವಣ ಹಾಕಿ ಸ್ವಿವೆಲ್ ನೋಡೋಕೆ ಏಣಿ ಎಟುಕೋ ಜಾಗದಲ್ಲಿ. ಎಟುಕದ ಜಾಗದಲ್ಲಿ ಹಾಕಿದ್ರೆ ಯಾರೂ ನೋಡಲ್ಲ, ಇದು ಖಂಡಿತ. ಕೇಬಲ್ಲಿಗೆ ಇನ್ವರ್ಟರ್ ಟ್ರಾಲಿ ಮತ್ತೆ ಮೇನ್ಸ್ ರೀಲು. ದೊಡ್ಡ ಸ್ಟ್ರಕ್ಚರ್, ಟ್ಯಾಂಕ್ ಕೆಲಸ, ಮಷೀನ್ ಅಲ್ಲಾಡಿಸೋಕಾಗಲ್ಲ ಅಂದ್ರೆ ಮಾತ್ರ 70 ಸ್ಕ್ವೇರ್ ಕೇಬಲ್ಲು, ಸ್ಲಿಪ್ ರಿಂಗ್ ರೀಲು, ಗ್ಯಾಸಿಗೆ 30 ಮೀಟರ್ 10 ಎಂಎಂ ಹ್ಯಾಂಡಲ್ ರೀಲು.

ತಂದ ದಿನವೇ ಎರಡು ಕೆಲಸ ಮಾಡಿ. ಗ್ಯಾಸ್ ರೀಲಾದ್ರೆ ಟಾರ್ಚ್ ವಾಲ್ವ್ ಮುಚ್ಚಿ ಪ್ರೆಶರ್ ಕೊಟ್ಟು, ಸಿಲಿಂಡರ್ ವಾಲ್ವ್ ಮುಚ್ಚಿ ಗೇಜ್ ಮುಳ್ಳು ಎಲ್ಲಿದೆ ಅಂತ ಗುರುತು ಹಾಕ್ಕೊಳ್ಳಿ, ಎಣ್ಣೆ ಇಲ್ಲದ ಲೀಕ್ ಟೆಸ್ಟ್ ದ್ರಾವಣವನ್ನ ಸ್ವಿವೆಲಿಗೆ ಹಚ್ಚಿ, ಡ್ರಮ್ಮನ್ನ ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ. ನಿಂತಾಗ ಸೋರದ ಸೀಲು ತಿರುಗೋವಾಗ ಒಂದು ಕಡೆ ಸಣ್ಣ ಗುಳ್ಳೆ ಬಿಡಬಹುದು, ಆ ಒಂದು ಗುಳ್ಳೆ ಕಂಡ್ರೂ ವಾಪಸ್. ಕೇಬಲ್ ರೀಲಾದ್ರೆ ನಿಮ್ಮ ದಿನದ ಆಂಪ್ಸಲ್ಲಿ ಹತ್ತು ನಿಮಿಷ ಕೆಲಸ ಮಾಡಿ, ಮಷೀನ್ ಆಫ್ ಮಾಡಿ, ಸ್ಲಿಪ್ ರಿಂಗ್ ಕವರ್ ಮೇಲೆ ಒಮ್ಮೆ, ಕೇಬಲ್ ಮೇಲೆ ಒಮ್ಮೆ ಕೈ ಇಟ್ಟು ನೋಡಿ. ಕೇಬಲ್ಲಿಗಿಂತ ಕವರ್ ಬಿಸಿ ಇದ್ರೆ ಜಾಯಿಂಟ್ ಸಾಲಲ್ಲ, ಬಿಲ್ ಇರೋವಾಗ್ಲೇ ಬದಲಾಯಿಸ್ಕೊಳ್ಳಿ.